ಪಕ್ಕವಾದ್ಯದವರ ಹೆಸರು: ಮಹಾನಗರದ ಸಂಗೀತ ಸಭೆ ಮತ್ತು ನಮ್ಮ ವಿಮರ್ಶೆಯ ಭಾಷೆ

ಕನ್ನಡದಲ್ಲಿ ಪ್ರಕಟವಾಗುವ ಸಂಗೀತ ಸಭೆಗಳ ವಿಮರ್ಶೆಗೆ ಒಂದು ಸಿದ್ಧ ಮುಕ್ತಾಯವಾಕ್ಯವುಂಟು. ಗಾಯಕರು ಎತ್ತಿಕೊಂಡ ರಾಗ, ಅದರ ಬಢತ್, ತಾನುಗಳ ವೈವಿಧ್ಯ, ಕೊನೆಯ ಭೈರವಿ, ಸಭಿಕರ ತಲ್ಲೀನತೆ ಇವೆಲ್ಲ ಮುಗಿದ ಮೇಲೆ, ಒಂದು ಸಾಲಿನಷ್ಟು ಸ್ಥಳ ಉಳಿದಿದ್ದರೆ, ತಬಲಾದಲ್ಲಿ ಇಂಥವರು, ಹಾರ್ಮೋನಿಯಂನಲ್ಲಿ ಇಂಥವರು ಸಮರ್ಥವಾಗಿ ಸಾಥ್ ನೀಡಿದರು ಎಂದು ಬರೆದು ಲೇಖನಿಯನ್ನು ಕೆಳಗಿಡುವುದು ವಾಡಿಕೆ. ಸ್ಥಳ ಸಾಲದೆ ಹೋದರೆ ಸಂಪಾದಕರು ಮೊದಲು ಕತ್ತರಿಸುವ ವಾಕ್ಯವೂ ಇದೇ. ಪ್ರಸ್ತುತ ಲೇಖನದಲ್ಲಿ ಈ ಒಂದು ವಾಕ್ಯವನ್ನು ನಾವು ಪರಿಶೀಲನೆಗೆ ಎತ್ತಿಕೊಂಡಿದ್ದೇವೆ. ಒಂದು ನಗರವು ತನ್ನಲ್ಲಿಯೇ ನೆಲೆಸಿರುವ ಸಂಗೀತಗಾರರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಬೇಕಾದ ಉತ್ತರದ ಬಹುಭಾಗ ಈ ವಾಕ್ಯದಲ್ಲಿ ಅಡಗಿದೆ ಎಂಬುದು ನಮ್ಮ ಅನಿಸಿಕೆ.

ಈ ವಾಕ್ಯವನ್ನು ನಾವೂ ಬರೆದಿದ್ದೇವೆ; ಒಮ್ಮೆಯಲ್ಲ, ಹಲವು ಸಲ. ಹೊರನಾಡಿನ ಒಂದು ಮಹಾನಗರದ ಕನ್ನಡ ಸಂಘವು ತನ್ನ ವಾರ್ಷಿಕೋತ್ಸವಕ್ಕೆ ಏರ್ಪಡಿಸಿದ್ದ ಗಾಯನದ ವರದಿಯನ್ನು ಸ್ಮರಣಸಂಚಿಕೆಗೆ ಬರೆದುಕೊಡುವ ಕೆಲಸ ಹಿಂದೊಮ್ಮೆ ನಮ್ಮ ಪಾಲಿಗೆ ಬಂದಿತ್ತು. ಗಾಯಕರು ಕರ್ನಾಟಕದಿಂದ ಬಂದವರು, ಹೆಸರಾಂತರು. ತಬಲಾ ನುಡಿಸಿದವರು ಅದೇ ನಗರದಲ್ಲಿ ನಲವತ್ತು ವರ್ಷಗಳಿಂದ ನೆಲೆಸಿದ್ದ ಧಾರವಾಡದ ಕಡೆಯ ಹಿರಿಯರು. ಎರಡು ಕೋಣೆಗಳ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಸಂಸಾರ ನಡೆಸಿದವರು. ಸಂಚಿಕೆ ಹೊರಬಂದ ಕೆಲವು ದಿನಗಳಿಗೆ ದಾರಿಯಲ್ಲಿ ಸಿಕ್ಕರು. “ಸರ, ನೀವು ಬರದದ್ದು ಓದಿದೆ. ಛಲೋ ಬರದೀರಿ” ಎಂದರು. ಸ್ವಲ್ಪ ತಡೆದು, “ನಾ ಅವತ್ತ ಯಾವ ತಾಲ ಬಾರಿಸಿದೆ, ನಿಮಗ ನೆನಪೈತೇನ್ರಿ?” ಎಂದು ಕೇಳಿದರು. ಆ ಧ್ವನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ನಮಗೆ ನೆನಪಿರಲಿಲ್ಲ. ರಾಗ ಪೂರಿಯಾ ಎಂಬುದು ನೆನಪಿತ್ತು, ಗಾಯಕರು ಹೊದ್ದಿದ್ದ ಶಾಲಿನ ಬಣ್ಣ ಕೂಡ ನೆನಪಿತ್ತು. ಮನೆಗೆ ಬಂದು ಸಂಚಿಕೆಯನ್ನು ತೆರೆದು ನೋಡಿದರೆ ಅವರ ಹೆಸರೇ ಅದರಲ್ಲಿಲ್ಲ. ‘ಸ್ಥಳೀಯ ಕಲಾವಿದರು ಸೂಕ್ತ ಸಾಥ್ ನೀಡಿದರು’ ಎಂದಷ್ಟೇ ಇತ್ತು. ಮುದ್ರಣದಲ್ಲಿ ಬಿದ್ದುಹೋಗಿರಬಹುದೆಂಬ ಆಸೆಯಿಂದ ಹಸ್ತಪ್ರತಿಯನ್ನು ಹುಡುಕಿ ತೆಗೆದೆವು. ನಾವೇ ಬರೆದಿರಲಿಲ್ಲ.

ಅವರು ಅಂದು ನುಡಿಸಿದ್ದು ವಿಲಂಬಿತ ಏಕತಾಲ. ಈ ತಾಲದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಏಕತಾಲಕ್ಕೆ ಹನ್ನೆರಡು ಮಾತ್ರೆಗಳು. ಕಿರಾಣಾ ಪದ್ಧತಿಯಲ್ಲಿ ಖ್ಯಾಲನ್ನು ಅತಿ ನಿಧಾನವಾಗಿ ಬೆಳೆಸುವಾಗ ಒಂದು ಆವರ್ತನ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುವುದುಂಟು. ಒಂದು ಮಾತ್ರೆಗೂ ಮುಂದಿನ ಮಾತ್ರೆಗೂ ನಡುವೆ ನಾಲ್ಕೈದು ಸೆಕೆಂಡುಗಳ ಬಯಲು. ಆ ಬಯಲಿನಲ್ಲಿ ಗಾಯಕರು ಎಲ್ಲಿಗೆ ಬೇಕಾದರೂ ಹೋಗಿಬರಬಹುದು, ಏಕೆಂದರೆ ಠೇಕಾ ಹಿಡಿದವರು ಎಲ್ಲಿಗೂ ಹೋಗುವಂತಿಲ್ಲ. ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಗಳಲ್ಲಿ ಬರುವ ‘ತಿರಕಿಟ’ವು ಗಾಯಕರಿಗೆ ಹೊಲದ ಬದುವಿನ ಕಲ್ಲಿದ್ದಂತೆ, ಅದನ್ನು ಕೇಳಿಕೊಂಡೇ ಅವರು ಸಮ್ಮಿಗೆ ಮರಳುವ ದಾರಿಯನ್ನು ಲೆಕ್ಕ ಹಾಕುತ್ತಾರೆ. ಐವತ್ತು ನಿಮಿಷಗಳ ಕಾಲ ಲಯವು ಒಂದು ಕೂದಲೆಳೆಯಷ್ಟೂ ಅಲುಗದಂತೆ ಹಿಡಿದು ನಿಲ್ಲಿಸುವುದು, ತಾನು ಕಲಿತ ಕಾಯದೆ-ರೇಲಾಗಳೆಲ್ಲ ಬೆರಳ ತುದಿಯಲ್ಲಿದ್ದರೂ ಅವನ್ನು ಬೆರಳಲ್ಲಿಯೇ ತಡೆದಿಡುವುದು, ಇದು ಆ ಕಲೆಯ ಅತ್ಯಂತ ಕಠಿಣವಾದ ಭಾಗ. ನಮ್ಮಂಥ ವಿಮರ್ಶಕರ ಕಿವಿಗೆ ಅದು ಏನನ್ನೂ ಮಾಡದೆ ಕುಳಿತಂತೆ ಕೇಳಿಸುತ್ತದೆ. ಆದ್ದರಿಂದಲೇ ‘ಸೂಕ್ತ’, ‘ಸಮರ್ಥ’, ‘ಹಿತಮಿತ’ ಎಂಬ ವಿಶೇಷಣಗಳು ಹುಟ್ಟಿಕೊಂಡಿವೆ. ಇವು ಕೇಳಿ ಬರೆದ ಮಾತುಗಳಲ್ಲ. ಕೇಳದಿರುವುದನ್ನು ಸಭ್ಯವಾಗಿ ಮುಚ್ಚುವ ಮಾತುಗಳು.

ಪರಿಭಾಷೆಯ ಮಟ್ಟದಲ್ಲಿಯೂ ಈ ತಾರತಮ್ಯವಿದೆ. ‘ಪಕ್ಕವಾದ್ಯ’ವೆಂಬ ಪದವು ನುಡಿಸುವವರು ಕುಳಿತುಕೊಳ್ಳುವ ಸ್ಥಳವನ್ನು ಹೇಳುತ್ತದೆಯೇ ಹೊರತು ಅವರು ಮಾಡುವ ಕೆಲಸವನ್ನಲ್ಲ. ಹಿಂದುಸ್ತಾನಿ ವಲಯದಿಂದ ಬಂದ ‘ಸಂಗತ್’, ‘ಸಾಥ್’ ಎಂಬ ಪದಗಳು ಜೊತೆಯಲ್ಲಿ ನಡೆಯುವುದನ್ನು ಸೂಚಿಸುತ್ತವೆ, ಅಷ್ಟರಮಟ್ಟಿಗೆ ಮೇಲು. ಆದರೆ ‘ನೀಡಿದರು’ ಎಂಬ ಕ್ರಿಯಾಪದ ಸೇರಿದೊಡನೆ ಅಲ್ಲಿಯೂ ಯಾರೋ ಯಾರಿಗೋ ಸಲ್ಲಿಸಿದ ಊಳಿಗದ ಛಾಯೆ ಬಂದುಬಿಡುತ್ತದೆ.

ಮಧ್ಯಕಾಲೀನ ಸಾಹಿತ್ಯವನ್ನು ಓದಿಕೊಂಡು ಬಂದ ನಮಗೆ ಈ ಸಂದರ್ಭದಲ್ಲಿ ನೆನಪಾಗುವವನು ಅಲ್ಲಮ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿಯೂ, ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ಅಲ್ಲಮನು ಮದ್ದಳೆಕಾರ. ಇಬ್ಬರ ಕಥನಗಳು ಬೇರೆಬೇರೆ. ಹರಿಹರನಲ್ಲಿ ಕಮಲತೆಯನ್ನು ಕೂಡಿ, ಅವಳನ್ನು ಕಳೆದುಕೊಂಡು ಅಲೆಯುವ ಮನುಷ್ಯನಾದ ಅಲ್ಲಮ, ಚಾಮರಸನಲ್ಲಿ ಮಾಯೆಯ ಕೈಗೆ ಸಿಗದ ನಿರ್ಲಿಪ್ತ. ಇವೆರಡರ ವ್ಯತ್ಯಾಸವನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ನಾವು ಇಲ್ಲಿ ಗಮನಿಸಬೇಕೆನ್ನುವುದು ಇಷ್ಟೇ: ಬನವಾಸಿಯ ಮಧುಕೇಶ್ವರನ ಸನ್ನಿಧಿಯಲ್ಲಿ ಮಾಯೆ ನರ್ತಿಸುವಾಗ ಚಾಮರಸನ ಕಣ್ಣು ನರ್ತಕಿಯ ಮೇಲಷ್ಟೇ ನಿಲ್ಲುವುದಿಲ್ಲ, ಮದ್ದಳೆಯವನ ಮೇಲೂ ನಿಲ್ಲುತ್ತದೆ. ಕಥೆಯ ಕೀಲು ಇರುವುದೇ ಆ ಮದ್ದಳೆಯಲ್ಲಿ. ಕುಣಿಯುವವಳ ಹೆಜ್ಜೆಗೆಲ್ಲ ಆಧಾರವಾಗಿದ್ದೂ ಅವಳಿಗೆ ದಕ್ಕದೆ ಉಳಿಯುವವನು ಎಂಬ ಆಧ್ಯಾತ್ಮಿಕ ಅರ್ಥವನ್ನು ಕಟ್ಟಲು ಕವಿಗೆ ತಾಳ ಹಿಡಿಯುವವನೇ ತಕ್ಕ ರೂಪಕವಾಗಿ ಒದಗಿದ್ದಾನೆ. ಶೂನ್ಯಸಿಂಹಾಸನದ ಅಧಿಪತಿಯನ್ನು ‘ಪಕ್ಕ’ದಲ್ಲಿ ಕೂಡಿಸಿ ತೋರಿಸಲು ಚಾಮರಸನಿಗೆ ಸಂಕೋಚವಾಗಲಿಲ್ಲ. ಆ ಕವಿಗಳು ಮದ್ದಳೆಯನ್ನು ಕೇಳಿದ್ದರು ಎಂದು ತೋರುತ್ತದೆ.

ಶಾಸನಗಳು ಇನ್ನೂ ನಿಷ್ಠುರವಾದ ಸಾಕ್ಷ್ಯವನ್ನು ಒದಗಿಸುತ್ತವೆ. ಕನ್ನಡದ ದಾನಶಾಸನಗಳಲ್ಲಿ ‘ಅಂಗಭೋಗ ರಂಗಭೋಗ’ಕ್ಕೆಂದು ಬಿಟ್ಟ ಭೂಮಿಯ ವಿವರಗಳೂ ‘ಪಾತ್ರ ಪಾವುಳ’ದವರ ಉಲ್ಲೇಖಗಳೂ ಮತ್ತೆಮತ್ತೆ ಬರುತ್ತವೆಂಬುದು ಸಂಶೋಧಕರಿಗೆ ತಿಳಿದದ್ದೇ. ಆದರೆ ಹೆಸರುಗಳ ಮಟ್ಟಿಗೆ ತಂಜಾವೂರಿನ ಬೃಹದೀಶ್ವರ ದೇವಾಲಯದ ಗೋಡೆಗೆ ಸಮನಾದುದು ಅಪರೂಪ. ಒಂದನೆಯ ರಾಜರಾಜನ ಇಪ್ಪತ್ತೊಂಬತ್ತನೆಯ ಆಳ್ವಿಕೆಯ ವರ್ಷದ, ಎಂದರೆ 1014ರ ಸುಮಾರಿನ, ಆ ಶಾಸನದಲ್ಲಿ ಬೇರೆಬೇರೆ ಊರುಗಳ ದೇವಾಲಯಗಳಿಂದ ಕರೆತಂದ 400 ಮಂದಿ ಸ್ತ್ರೀಯರ ಹೆಸರು, ಅವರು ಬಂದ ಊರು, ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಅವರಿಗೆ ಕೊಟ್ಟ ಮನೆ ಇವೆಲ್ಲ ಒಂದೊಂದಾಗಿ ಕೆತ್ತಲ್ಪಟ್ಟಿವೆ. ಒಬ್ಬೊಬ್ಬರಿಗೆ ಒಂದು ಪಾಲು, ವರ್ಷಕ್ಕೆ 100 ಕಲಂ ಭತ್ತ. ನಟ್ಟುವರು, ಹಾಡುವವರು, ಊದುವವರು, ಬಾರಿಸುವವರು ಇವರಿಗೂ ಪಾಲುಗಳಿವೆ. ಪಾಲುದಾರರು ಸತ್ತರೆ ಅಥವಾ ಊರು ಬಿಟ್ಟರೆ ಹತ್ತಿರದ ಬಂಧುಗಳು ಆ ಕೆಲಸವನ್ನು ಮಾಡಿ ಪಾಲನ್ನು ಪಡೆಯಬೇಕು. ಬಂಧುಗಳಿಗೆ ಅರ್ಹತೆಯಿಲ್ಲದಿದ್ದರೆ ಅರ್ಹರನ್ನು ಆರಿಸಿ ನೇಮಿಸಬೇಕು ಎಂಬ ವ್ಯವಸ್ಥೆಯೂ ಅಲ್ಲಿದೆ. ಸಂಗೀತವನ್ನು ಒಂದು ಸಂಜೆಯ ಘಟನೆಯೆಂದಲ್ಲ, ಒಂದು ಬೀದಿಯ ವಾಸ್ತವ್ಯವೆಂದು ತಿಳಿದವರು ಮಾಡಿದ ಏರ್ಪಾಡು ಇದು.

ಇದನ್ನು ಹೇಳುವಾಗ ನಾವು ಆ ಕಾಲವನ್ನು ವೈಭವೀಕರಿಸುತ್ತಿದ್ದೇವೆಂದು ಯಾರೂ ಭಾವಿಸಬೇಕಾಗಿಲ್ಲ. ಆ ಪಾಲು ವಂಶವನ್ನು ಕೆಲಸಕ್ಕೆ ಕಟ್ಟಿಹಾಕುವ ಹಗ್ಗವೂ ಆಗಿತ್ತು. ಆ 400 ಮಂದಿಯಲ್ಲಿ ಎಷ್ಟು ಜನ ತಮ್ಮ ಇಚ್ಛೆಯಿಂದ ಊರು ಬಿಟ್ಟು ಬಂದರೆಂಬುದನ್ನು ಗೋಡೆ ಹೇಳುವುದಿಲ್ಲ. ದೇವದಾಸಿ ಪದ್ಧತಿಯು ಕೊನೆಗೊಂಡುದು ನ್ಯಾಯವೇ. ಆದರೆ ಪದ್ಧತಿಯೊಡನೆ ಪಾಲೂ ಹೋಯಿತು. ಪಾಲಿನ ಸ್ಥಳದಲ್ಲಿ ಏನು ಬಂತು ಎಂಬ ಪ್ರಶ್ನೆಯನ್ನು ನಮ್ಮ ಸಂಗೀತ ಚರಿತ್ರೆಗಳು ‘ರಾಜಾಶ್ರಯ ಹೋಗಿ ಜನಾಶ್ರಯ ಬಂತು’ ಎಂಬ ಒಂದು ಸೂತ್ರದಲ್ಲಿ ಮುಗಿಸಿಬಿಡುತ್ತವೆ. ಈ ಸೂತ್ರವು ಪ್ರಧಾನ ಕಲಾವಿದರ ಮಟ್ಟಿಗೆ ಬಹುಪಾಲು ನಿಜ. ಉಳಿದವರ ಮಟ್ಟಿಗೆ ಅದು ಎಷ್ಟು ನಿಜ?

ಮುಂಬಯಿಯನ್ನು ನೋಡೋಣ. 1870ರಲ್ಲಿ ಅಲ್ಲಿನ ಪಾರಸಿ ಜನ ‘ಗಾಯನ ಉತ್ತೇಜಕ ಮಂಡಳಿ’ಯನ್ನು ಸ್ಥಾಪಿಸಿದರು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಆರಂಭಿಸಿದ ಗಾಂಧರ್ವ ಮಹಾವಿದ್ಯಾಲಯ 1908ರಲ್ಲಿ ಮುಂಬಯಿಗೆ ಬಂತು. ಬಿ. ಆರ್. ದೇವಧರರ ಶಾಲೆ 1925ರಲ್ಲಿ ಆರಂಭವಾಯಿತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಬಾಲಕ ಶಿವಪುತ್ರ ಕೊಂಕಾಳಿಮಠ ಕುಮಾರ ಗಂಧರ್ವರಾಗಿ ಬೆಳೆದುದು ಈ ಶಾಲೆಯಲ್ಲಿ. ಮಲ್ಲಿಕಾರ್ಜುನ ಮನಸೂರರಿಗೆ ಮಂಜಿಖಾನರ ಶಿಷ್ಯತ್ವ ದೊರೆತದ್ದೂ ಮುಂಬಯಿಯಲ್ಲಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಧ್ವನಿಮುದ್ರಿಕೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದುದು 1930ರ ದಶಕದಲ್ಲಿ. ಹೀಗೆ ಕನ್ನಡ ನಾಡಿನ ಕಂಠಗಳಿಗೆ ಮುಂಬಯಿ-ಪುಣೆಗಳು ನೀರೆರೆದ ಸಂಗತಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮನಸೂರರ ‘ನನ್ನ ರಸಯಾತ್ರೆ’, ಗಂಗೂಬಾಯಿಯವರ ‘ನನ್ನ ಬದುಕಿನ ಹಾಡು’ ಇಂಥ ಕೃತಿಗಳು ಕನ್ನಡ ಆತ್ಮಕಥನ ಪ್ರಕಾರಕ್ಕೇ ಬೆಲೆಯುಳ್ಳ ಸೇರ್ಪಡೆಗಳು. ಆದರೆ ಅವು ಗಾಯಕರ ಆತ್ಮಕಥನಗಳು. ತಬಲಾ, ಹಾರ್ಮೋನಿಯಂ ನುಡಿಸಿದವರು ತಮ್ಮ ಬದುಕನ್ನು ಕುರಿತು ಕನ್ನಡದಲ್ಲಿ ಬರೆದ, ಅಥವಾ ಹೇಳಿ ಬರೆಯಿಸಿದ ಪುಸ್ತಕಗಳು ವಿರಳ. ಅವರನ್ನು ಯಾರೂ ಕೇಳಲಿಲ್ಲವೆಂಬುದೇ ಇದರ ಮುಖ್ಯ ಕಾರಣವಿರಬೇಕು.

ಈ ದೃಷ್ಟಿಯಿಂದ ತೇಜಸ್ವಿನಿ ನಿರಂಜನ ಅವರು 2020ರಲ್ಲಿ ಪ್ರಕಟಿಸಿದ ‘ಮ್ಯೂಸಿಕೋಫೀಲಿಯಾ ಇನ್ ಮುಂಬಯಿ’ ಎಂಬ ಇಂಗ್ಲಿಷ್ ಕೃತಿಯನ್ನು ಹೊರನಾಡಿನ ಸಂಶೋಧಕರು ಗಮನಿಸಬೇಕು. ಹಾಡಿದವರನ್ನಷ್ಟೇ ಅಲ್ಲದೆ ಕೇಳಿದವರು, ಕಲಿತವರು, ಅವರೆಲ್ಲ ನೆರೆದ ಗಿರಗಾಂವ್ ಪರಿಸರದ ಕೋಣೆ-ಸಭಾಂಗಣಗಳು ಇವುಗಳತ್ತ ಆ ಕೃತಿ ಕಣ್ಣು ಹಾಯಿಸುತ್ತದೆ. ಸಂಗೀತದ ಚರಿತ್ರೆಯನ್ನು ಘರಾಣೆಗಳ ವಂಶವೃಕ್ಷದಿಂದ ಬಿಡಿಸಿ ನಗರದ ನಕ್ಷೆಯ ಮೇಲೆ ಇಡುವ ಈ ಕ್ರಮ ನಮಗೆ ಒಪ್ಪಿಗೆಯಾಗುತ್ತದೆ. ಅದೇ ನಕ್ಷೆಯಲ್ಲಿ ಠೇಕಾ ಹಿಡಿದವರ ಮನೆಗಳನ್ನೂ ಗುರುತಿಸುವ ಕೆಲಸವನ್ನು ಮುಂದಿನವರು ಮಾಡಬೇಕಾಗಿದೆ.

ಹಾರ್ಮೋನಿಯಂ ವಾದಕರ ಕಥೆಯನ್ನು ನೋಡಿದರೆ ‘ಜನಾಶ್ರಯ’ದ ಸೂತ್ರ ಎಲ್ಲಿ ಬಿರುಕು ಬಿಡುತ್ತದೆಂಬುದು ಸ್ಪಷ್ಟವಾಗುತ್ತದೆ. 1940ರ ಮಾರ್ಚಿನಲ್ಲಿ ಆಕಾಶವಾಣಿಯು ಈ ವಾದ್ಯವನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ಇದು ಪರದೇಶದ ಪೆಟ್ಟಿಗೆ, ಇದರ ಸ್ವರಗಳು ಅಚಲ, ಮೀಂಡ್ ಹೊರಡಿಸಲು ಬಾರದು, ನಮ್ಮ ಶ್ರುತಿಗಳಿಗೆ ಹೊಂದದು ಎಂಬವು ವಾದಗಳು. ಶಾಸ್ತ್ರದೃಷ್ಟಿಯಿಂದ ಈ ವಾದಗಳಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅದೇ ಮೂರು ದಶಕಗಳಲ್ಲಿ ಬಾನುಲಿಯ ಹೊರಗೆ ಖ್ಯಾಲ್ ಗಾಯನದ ಸಭೆಯು ಹಾರ್ಮೋನಿಯಂ ಇಲ್ಲದೆ ನಡೆದುದು ಎಷ್ಟು ಕಡೆ? ಸಂಜೆ ಸಭೆಯಲ್ಲಿ ಅನಿವಾರ್ಯನಾದವನು ಬೆಳಿಗ್ಗೆ ನಿಲಯದ ಬಾಗಿಲಲ್ಲಿ ಅನರ್ಹನಾಗುತ್ತಿದ್ದ. 1971ರಲ್ಲಿ ನಿಷೇಧ ಸಡಿಲಗೊಳ್ಳುವ ಹೊತ್ತಿಗೆ ಒಂದು ತಲೆಮಾರಿನ ವಾದಕರು ಸಂಭಾವನೆಯನ್ನಷ್ಟೇ ಅಲ್ಲ, ದಾಖಲೆಯನ್ನೂ ಕಳೆದುಕೊಂಡಿದ್ದರು. ಬಾನುಲಿಯ ಧ್ವನಿಭಂಡಾರದಲ್ಲಿ ಆ ಮೂವತ್ತೊಂದು ವರ್ಷಗಳ ಗಾಯನಗಳಲ್ಲಿ ಹಾರ್ಮೋನಿಯಂ ಇರುವಂತಿಲ್ಲವಷ್ಟೆ. ಮುಂದೆ ಆ ಧ್ವನಿಮುದ್ರಣಗಳನ್ನು ಕೇಳಿ ಚರಿತ್ರೆ ಬರೆಯುವವರಿಗೆ ಆ ಕಾಲದ ಸಭೆ ಹೇಗೆ ಕೇಳಿಸುತ್ತಿತ್ತೆಂಬುದು ತಿಳಿಯುವ ಬಗೆ ಹೇಗೆ?

ಮುಂಬಯಿಯ ಗೋವಿಂದರಾವ್ ಪಟವರ್ಧನ್ (1925–1996), ಪುಣೆಯ ಅಪ್ಪಾ ಜಳಗಾಂವಕರ್ (1922–2009) ಇಂಥವರು ಈ ಅವಜ್ಞೆಯನ್ನು ದಾಟಿ ಹೆಸರು ಗಳಿಸಿದರು. ನಮ್ಮ ಗಡಿಯ ಬೆಳಗಾವಿಯಲ್ಲಿ ರಾಮಭಾವೂ ಬಿಜಾಪುರೆ (1917–2010) ಅವರಿದ್ದರು. ಬೆಳಗಾವಿಗೆ ಬಂದ ದೊಡ್ಡ ಗಾಯಕರಿಗೆಲ್ಲ ತಲೆಮಾರುಗಳುದ್ದಕ್ಕೂ ಸಾಥ್ ಮಾಡಿದವರು, ಮರುದಿನ ಬೆಳಿಗ್ಗೆ ಊರಿನ ಮಕ್ಕಳಿಗೆ ಸ್ವರ ಹೇಳಿಕೊಟ್ಟವರು. ಒಂದು ಊರಿನ ಸಂಗೀತವೆಂದರೆ ಯಾರು ಬಂದು ಹಾಡಿ ಹೋದರೆಂಬ ಪಟ್ಟಿಯಲ್ಲ. ಯಾರು ಹೋಗದೆ ಉಳಿದರೆಂಬುದು. ಬಿಜಾಪುರೆಯವರಂಥವರು ಇದ್ದುದರಿಂದಲೇ ಬಂದವರಿಗೆ ಹಾಡುವುದು ಸಾಧ್ಯವಾಯಿತು, ಕೇಳುವವರೂ ತಯಾರಾದರು.

ಇನ್ನು ಮಹೋತ್ಸವಗಳ ಮಾತು. ಕುಂದಗೋಳದ ರಾಮಭಾವೂ, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡ ಮರುವರ್ಷ ಶಿಷ್ಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಆರಂಭಿಸಿದ ಪುಣ್ಯತಿಥಿಯ ಸಂಗೀತೋತ್ಸವವು ಇಂದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವೆಂದು ದೇಶಕ್ಕೆಲ್ಲ ಪರಿಚಿತ. ಕನ್ನಡ ಗುರುವಿನ ಹೆಸರಿನಲ್ಲಿ ಕನ್ನಡ ಶಿಷ್ಯ ಕಟ್ಟಿದ, ಮರಾಠಿ ನಗರವು ತನ್ನದೆಂದು ಎತ್ತಿ ಹಿಡಿದ ಈ ಉತ್ಸವದ ಬಗ್ಗೆ ನಮಗೆ ಅತ್ಯಂತ ಗೌರವವಿದೆ. ಪೆಂಡಾಲಿನಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ಕುಳಿತು ಕೇಳಿದ ಸಾವಿರಾರು ಜನರನ್ನು ಆ ಉತ್ಸವ ಸೃಷ್ಟಿಸಿತು. ಆದರೆ ಅದೇ ಉತ್ಸವದ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ತಿರುವಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ವರ್ಷದ ಕೆಲವೇ ದಿನಗಳಿಗೆ ನಡುರಾತ್ರಿಯವರೆಗಿನ ರಿಯಾಯಿತಿಯುಂಟು. ಇಡೀ ರಾತ್ರಿಯ ಸಭೆ ಸಂಜೆಯ ಸಭೆಯಾಯಿತು. ದರಬಾರಿ, ಮಾಲಕಂಸಗಳ ಹೊತ್ತು ಕುಗ್ಗಿತು. ಲಲಿತ, ಭೈರವಗಳಿಗೆ ಬೆಳಗಿನ ಝಾವದ ವೇದಿಕೆ ಇಲ್ಲದಂತಾಯಿತು. ರೋಗಿಗಳು, ಮಕ್ಕಳು ಮಲಗಬೇಕಾದ ನಗರದಲ್ಲಿ ಈ ನಿಯಮವನ್ನು ಆಕ್ಷೇಪಿಸಲಾರೆವು. ಆದರೆ ಇದರ ಒಂದು ಅಂಶವನ್ನು ಸಂಗೀತಪ್ರೇಮಿಗಳು ಗಮನಿಸಿದಂತಿಲ್ಲ. ನಿಯಮವಿರುವುದು ಬಯಲಿನ ಸದ್ದಿಗೆ. ಮುಚ್ಚಿದ ಸಭಾಂಗಣಗಳಿಗೆ ಅದು ವಿನಾಯಿತಿಯನ್ನೂ ಕೊಟ್ಟಿದೆ. ಹತ್ತು ಸಾವಿರ ಜನರಿಗೆ ಕೇಳಿಸಬೇಕೆಂಬ ಹಂಬಲವನ್ನು ಬಿಟ್ಟರೆ, ನಲವತ್ತು ಜನ ಕುಳಿತ ಕೋಣೆಯಲ್ಲಿ, ಮೈಕಿನ ಹಂಗಿಲ್ಲದೆ, ನಡುರಾತ್ರಿಯ ಮಾಲಕಂಸವನ್ನು ಇಂದಿಗೂ ಹಾಡಬಹುದು. ಗಿರಗಾಂವಿನ ಹಳೆಯ ಬೈಠಕ್ಕುಗಳೂ, ಮದರಾಸಿನ ಜಾರ್ಜ್‌ಟೌನಿನಲ್ಲಿ ವೀಣಾ ಧನಮ್ಮಾಳ್ ಅವರ ಮನೆಯ ಶುಕ್ರವಾರದ ಸಂಜೆಗಳೂ ಇಂಥ ಕೋಣೆಗಳಲ್ಲಿಯೇ ನಡೆದವು.

ಅಂಥ ಕೋಣೆಗೆ ವಿಮಾನದಲ್ಲಿ ಬರುವ ಕಲಾವಿದರು ಬೇಕಾಗಿಲ್ಲ. ಎರಡು ಬೀದಿಗಳಾಚೆ ಇರುವವರು ಸಾಕು. ಮಹೋತ್ಸವದ ವೆಚ್ಚದಲ್ಲಿ ಪೆಂಡಾಲು, ದೀಪ, ಧ್ವನಿ, ಪ್ರವಾಸ, ವಸತಿಗಳ ಪಾಲು ಹಿರಿದು. ಕೋಣೆಯ ಬೈಠಕ್ಕಿನಲ್ಲಿ ಸಂಗ್ರಹವಾದ ಹಣ ಚಿಕ್ಕದಾದರೂ ಬಹುಪಾಲು ನುಡಿಸಿದವರ ಕೈ ಸೇರುತ್ತದೆ. ವರ್ಷಕ್ಕೆ ಒಮ್ಮೆ ನಡೆಯುವ ಉತ್ಸವ ಖ್ಯಾತಿಯನ್ನು ಕೊಡಬಲ್ಲದು, ತಿಂಗಳ ಬಾಡಿಗೆಯನ್ನು ಕೊಡಲಾರದು.

ಕರ್ನಾಟಕ ಸಂಗೀತದ ವಲಯದಲ್ಲಿ ಪರಿಸ್ಥಿತಿ ಬೇರೆಯೆಂದು ಕೆಲವರು ಹೇಳುವುದುಂಟು. ತನಿ ಆವರ್ತನವಿದೆ, ಪಿಟೀಲಿಗೆ ರಾಗದಲ್ಲಿ ಸರದಿಯಿದೆ, ಮೈಸೂರು ಚೌಡಯ್ಯನವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಇದೆ. ನಿಜ. ಆದರೆ 1928ರಲ್ಲಿ ಆರಂಭವಾದ ಮದರಾಸಿನ ಸಂಗೀತ ಅಕಾಡೆಮಿಯು ಒಬ್ಬ ಮೃದಂಗ ವಿದ್ವಾಂಸರಿಗೆ, ಪಾಲಘಾಟ್ ಮಣಿ ಅಯ್ಯರ್ ಅವರಿಗೆ, ಮೊದಲ ಬಾರಿಗೆ ಸಂಗೀತ ಕಲಾನಿಧಿ ಗೌರವವನ್ನು ಕೊಟ್ಟದ್ದು 1966ರಲ್ಲಿ. ತನಿ ಆರಂಭವಾದೊಡನೆ ಸಭೆಯ ಅರ್ಧಭಾಗ ಕಾಫಿಗೆ ಏಳುವುದನ್ನು ಡಿಸೆಂಬರಿನಲ್ಲಿ ಚೆನ್ನೈಯ ಯಾವ ಸಭೆಯಲ್ಲಾದರೂ ನೋಡಬಹುದು. 2017ರಲ್ಲಿ ಆ ನಗರಕ್ಕೆ ಯುನೆಸ್ಕೋದ ಸಂಗೀತ ನಗರವೆಂಬ ಮನ್ನಣೆ ದೊರೆಯಿತು. ವಾರಾಣಸಿಗೆ 2015ರಲ್ಲಿಯೇ ದೊರೆತಿತ್ತು, ಗ್ವಾಲಿಯರಿಗೆ 2023ರಲ್ಲಿ ದೊರೆಯಿತು. ಬಿರುದು ನಗರಕ್ಕೆ ಬಂತು. ಬಿರುದನ್ನು ಗಳಿಸಿಕೊಟ್ಟವರ ಬೀದಿಗೆ ಬಂತೇ ಎಂದು ಕೇಳುವುದು ವಿಮರ್ಶೆಯ ಕರ್ತವ್ಯ.

2020ರ ಮಾರ್ಚಿನಲ್ಲಿ ವೇದಿಕೆಗಳೆಲ್ಲ ಮುಚ್ಚಿದಾಗ ಈ ತಾರತಮ್ಯ ಬಯಲಾಯಿತು. ಪುಣೆಯ ಮಹೋತ್ಸವ ಎರಡು ಡಿಸೆಂಬರುಗಳಲ್ಲಿ ನಡೆಯಲಿಲ್ಲ. 2022ರಲ್ಲಿ ಮತ್ತೆ ಆರಂಭವಾಯಿತು. ಆ ಅವಧಿಯಲ್ಲಿ ಗಾಯಕರು ಮನೆಯಲ್ಲಿ ತಂಬೂರಿಯ ಯಂತ್ರ ಇಟ್ಟುಕೊಂಡು ಮೊಬೈಲಿನ ಮುಂದೆ ಹಾಡಿದರು. ತಬಲಾದವರು ಏನು ಮಾಡಬೇಕಾಗಿತ್ತು? ಅಂತರಜಾಲದಲ್ಲಿ ಧ್ವನಿ ಒಂದೆಡೆಯಿಂದ ಇನ್ನೊಂದೆಡೆಗೆ ತಲುಪುವಾಗ ಕ್ಷಣದ ಒಂದು ಭಾಗ ತಡವಾಗುತ್ತದೆ. ಮಾತಿಗೆ ಆ ವಿಳಂಬ ತೊಡಕಲ್ಲ, ಲಯಕ್ಕೆ ಅದು ಪ್ರಾಣಾಂತಿಕ. ಇಬ್ಬರು ಬೇರೆಬೇರೆ ಮನೆಗಳಲ್ಲಿ ಕುಳಿತು ಒಂದೇ ಸಮ್ಮಿಗೆ ಸೇರಲಾರರು. ಹೀಗೆ ಜೊತೆಯಲ್ಲಿದ್ದು ನುಡಿಸುವುದೇ ಯಾರ ವೃತ್ತಿಯೋ ಅವರು ಆ ಮಾಧ್ಯಮದಿಂದ ಸಂಪೂರ್ಣವಾಗಿ ಹೊರಗುಳಿದರು. ತಬಲಾದ ಸ್ಥಳದಲ್ಲಿ ಮೊಬೈಲಿನ ಠೇಕಾ ಬಂತು. ಅದಕ್ಕೂ ‘ಸಮರ್ಥ ಸಾಥ್’ ಎಂಬ ನಮ್ಮ ವಾಕ್ಯವನ್ನು ಅಕ್ಷರ ಬದಲಿಸದೆ ಅನ್ವಯಿಸಬಹುದೆಂಬುದನ್ನು ಗಮನಿಸಿದಾಗ, ಆ ವಾಕ್ಯದಲ್ಲಿ ಮನುಷ್ಯನಿರಲೇ ಇಲ್ಲವೆಂದು ನಮಗೆ ಖಚಿತವಾಯಿತು.

ಹೊರನಾಡಿನ ಕನ್ನಡ ಸಂಘಗಳ ವಿಷಯದಲ್ಲಿ ನಮಗೆ ಎರಡು ಮಾತು ಹೇಳುವ ಸಲಿಗೆಯಿದೆ. ಆ ಸಂಘಗಳ ಬೆಂಚುಗಳ ಮೇಲೆಯೇ ನಾವು ಕನ್ನಡವನ್ನು ಉಳಿಸಿಕೊಂಡವರು. ಊರಿನಿಂದ ಕಲಾವಿದರನ್ನು ಕರೆಸುವುದು ತವರಿನ ಹಂಬಲ, ಅದನ್ನು ತಪ್ಪೆನ್ನಲಾಗದು. ಆದರೆ ಆ ನಗರದಲ್ಲಿಯೇ ದಾಸರ ಪದ, ವಚನಗಳನ್ನು ಮಕ್ಕಳಿಗೆ ಕಲಿಸುತ್ತಿರುವವರಿಗೆ ಪ್ರಾರ್ಥನೆಯ ಎರಡು ನಿಮಿಷ, ಬಂದವರಿಗೆ ಎರಡು ಗಂಟೆ ಎಂಬ ಕ್ರಮ ಎಷ್ಟು ಸರಿ? ಬಂದವರ ಸಂಭಾವನೆ ಮುಂಗಡವಾಗಿ ತಲುಪುತ್ತದೆ. ಇದ್ದವರದು ‘ನಮ್ಮವರೇ ತಾನೆ’ ಎಂಬ ಪ್ರೀತಿಯ ಮಾತಿನಲ್ಲಿ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ನಮ್ಮವರೆನ್ನುವುದು ಕೊಡದಿರುವುದಕ್ಕೆ ಕಾರಣವಾಗುವುದು ಕನ್ನಡದ ಸೌಜನ್ಯದ ಒಂದು ವಿಚಿತ್ರ ಪ್ರಯೋಗ.

ಸಂಶೋಧಕರಾಗಿ ನಾವು ಮಾಡಬಹುದಾದದ್ದು ಚಿಕ್ಕದು, ಆದರೆ ಬೇರೆಯವರು ಮಾಡಲಾರದ್ದು. ಸಂಘಗಳ ಕಪಾಟುಗಳಲ್ಲಿ ಹುಳ ಹಿಡಿಯುತ್ತಿರುವ ಆಮಂತ್ರಣ ಪತ್ರಿಕೆಗಳು, ಸ್ಮರಣಸಂಚಿಕೆಗಳು, ಖರ್ಚಿನ ವೋಚರುಗಳು ಇವು ನಮ್ಮ ಕಾಲದ ದಾನಶಾಸನಗಳು. ಅವುಗಳಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ, ಯಾರಿಗೆ ಎಷ್ಟು ಸಂದಿತು ಎಂಬುದನ್ನು ನಗರವಾರು ಪಟ್ಟಿ ಮಾಡಬೇಕು. ಮುದ್ರಿತ ಸಾಮಗ್ರಿಯಲ್ಲಿ ಬಿಟ್ಟುಹೋದ ಹೆಸರುಗಳಿಗಾಗಿ ಸಂಗೀತಗಾರರ ಮನೆಗಳಿಗೇ ಹೋಗಬೇಕು. ನಾವು ಆ ಹಿರಿಯರ ಮನೆಗೆ ಹೋದದ್ದು ತಡವಾಗಿ. ಅವರು ಆಗ ಇರಲಿಲ್ಲ. ಅವರ ಮಗಳು ಹಳೆಯ ಟ್ರಂಕಿನಿಂದ ಐದು ಉದ್ದನೆಯ ಪುಸ್ತಕಗಳನ್ನು ತೆಗೆದು ನಮ್ಮ ಮುಂದಿಟ್ಟರು. ಕಿರಾಣಿ ಅಂಗಡಿಯವರು ಉದ್ರಿ ಬರೆಯುವಂಥವು. ನಲವತ್ತು ವರ್ಷಗಳಲ್ಲಿ ನುಡಿಸಿದ ಒಂದೊಂದು ಸಭೆಗೂ ಒಂದೊಂದು ಸಾಲು: ದಿನಾಂಕ, ಸ್ಥಳ, ಹಾಡಿದವರು, ರಾಗ, ತಾಲ, ಲಯ, ಹೋಗಿಬಂದ ಖರ್ಚು, ಬಂದದ್ದು. ಹಾಡಿದವರ ಹೆಸರುಗಳಲ್ಲಿ ಪ್ರಸಿದ್ಧರೂ ಇದ್ದಾರೆ, ಮೊದಲ ಸಲ ವೇದಿಕೆ ಹತ್ತಿದ ಹದಿನಾಲ್ಕರ ಹುಡುಗಿಯೂ ಇದ್ದಾಳೆ. ಎಲ್ಲರಿಗೂ ಒಂದೇ ಅಳತೆಯ ಸಾಲು. ಕೆಲವು ಸಾಲುಗಳ ಅಂಚಿನಲ್ಲಿ ‘ಲಯ ಪಕ್ಕಾ’ ಎಂದೋ ‘ಅವಸರ’ ಎಂದೋ ಸಣ್ಣ ಅಕ್ಷರದ ಟಿಪ್ಪಣಿಗಳಿವೆ. ನಾವು ಓದಿದ ಯಾವ ಮುದ್ರಿತ ವಿಮರ್ಶೆಯೂ ಇಷ್ಟು ನಿಖರವಾಗಿಲ್ಲ.

ನಾವು ವರದಿ ಬರೆದ ಆ ಸಂಜೆಯ ಸಾಲನ್ನೂ ಹುಡುಕಿ ನೋಡಿದೆವು. ಸಂಘದ ಹೆಸರು, ಗಾಯಕರ ಹೆಸರು, ಪೂರಿಯಾ, ಏಕತಾಲ, ವಿಲಂಬಿತ, ಐವತ್ತು ನಿಮಿಷ. ಲೋಕಲ್ ಗಾಡಿಯ ಖರ್ಚು ಸ್ವಂತದ್ದು. ಕೊನೆಯ ಕಂಬದಲ್ಲಿ ‘ಬರಬೇಕು’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಬೇರೆ ಸಾಲುಗಳಲ್ಲಿ ಆ ಪೆನ್ಸಿಲಿನ ಮೇಲೆ ಶಾಯಿಯಿಂದ ಮೊತ್ತವನ್ನು ತಿದ್ದಿ ಬರೆದಿದ್ದರು. ಇಲ್ಲಿ ಪೆನ್ಸಿಲೇ ಉಳಿದಿತ್ತು.